ಇಪ್ಪತ್ತಮೂರು ನಿಮಿಷದ ಹಾಡು

ಗಣಿಗಳ ಊರು ಬ್ರೋಕನ್ ಹಿಲ್‌ನ ರೇಡಿಯೋದಲ್ಲಿ ಭಾನುವಾರ ಮಧ್ಯಾಹ್ನ ಹಳೆಯ ರಾಕ್ ಹಾಡುಗಳದ್ದೇ ರಾಜ್ಯಭಾರ. ಹತ್ತೊಂಬತ್ತು ವರ್ಷ ಅದನ್ನು ನಡೆಸಿಕೊಂಡು ಬಂದವರು ಗ್ಲೆನಿಸ್ ಮತ್ತು ಅವಳ ಗಂಡ ಮರ್ವ್. ಸಂಬಳವಿಲ್ಲ, ಪ್ರೀತಿಯೇ ಕೂಲಿ. ಕಳೆದ ಚಳಿಗಾಲದಲ್ಲಿ ಮರ್ವ್ ತೀರಿಕೊಂಡ ಮೇಲೆ ಅವಳೊಬ್ಬಳೇ.

ಮೂರು ಗಂಟೆಗೆ, ರೆಕಾರ್ಡಿನ ಒಂದು ಮಗ್ಗುಲನ್ನೆಲ್ಲ ತುಂಬಿಕೊಂಡಿದ್ದ ಇಪ್ಪತ್ತಮೂರು ನಿಮಿಷದ ಒಂದು ಹಾಡು ಹಾಕುವುದು ಮರ್ವ್ ಹಾಕಿಕೊಟ್ಟ ಪದ್ಧತಿ. ಹನುಮಂತನ ಬಾಲದಂಥ ಅದರ ಮೇಲೆ ದೂರು ಹೆಚ್ಚಿತ್ತು. ಇವತ್ತು ಕೇಳುಗರನ್ನೇ ಕೇಳು, ಬೇಡವೆಂದರೆ ಬಿಟ್ಟುಬಿಡು ಎಂದಿದ್ದರು ರೇಡಿಯೋ ಸಮಿತಿಯವರು.

ಮೊದಲ ಫೋನು, ಗಣಿಯಿಂದ ನಿವೃತ್ತನಾದ ಡ್ಯಾರಿಲ್‌ನದು. "ಗ್ಲೆನ್, ನಾನು ಗಣಿಗಿಳಿದು ಪಾಳಿ ಮುಗಿಸಿ ಮೇಲೆ ಬಂದ್ರೂ ಆ ಗಿಟಾರಿನೋನು ಅದೇ ತಂತಿ ಉಜ್ತಾ ಇರ್ತಾನೆ. ತೆಗೆದುಹಾಕಮ್ಮ."

ಆಮೇಲೆ ಬೇಕರಿಯ ನೋಲೀನ್. "ಅವನ ಮಾತೇನು ಕೇಳ್ತೀಯ. ತನ್ನ ಮದುವೇಲೇ ಊಟದ ಮಧ್ಯ ಎದ್ದು ಹೋದೋನು. ಆ ಹಾಡಲ್ಲಿ ನನ್ನ ವಾರದ ಇಸ್ತ್ರಿ ಪೂರಾ ಮುಗಿಯುತ್ತೆ. ಅದಿರ್ಲಿ, ಎಲ್ರನ್ನೂ ಕೇಳ್ತೀಯಲ್ಲ, ನಿಂಗೇನನ್ಸುತ್ತೆ?"

ಗ್ಲೆನಿಸ್ ಇಷ್ಟು ವರ್ಷ ಹಾಡನ್ನು ಹಾಕಿದ್ದಳೇ ಹೊರತು ಕೇಳಿರಲಿಲ್ಲ. ಮುಳ್ಳು ಇಳಿಸಿದ್ದೇ ತಡ, ಮರ್ವ್ ಚಹದ ಫ್ಲಾಸ್ಕ್ ಹಿಡಿದು ಸ್ಟುಡಿಯೋದ ಹಿತ್ತಲ ಮೆಟ್ಟಿಲಿಗೆ ನಡೆಯುತ್ತಿದ್ದ. ಎದುರಿನ ಗಣಿಗುಡ್ಡ ನೋಡುತ್ತ ಇಬ್ಬರೂ ಕೂರುವುದು. ಮಾತಿದ್ದರೆ ಮಾತು, ಇಲ್ಲದಿದ್ದರೆ ಬಿಸ್ಕತ್ತು. ಒಳಗೆ ಡ್ರಮ್ಮು ಕುದುರೆ ಓಟದಂತೆ ಜೋರಾದರೆ ಹಾಡು ಮುಗಿಯಲು ಬಂತೆಂದು ಲೆಕ್ಕ. "ಏಳೇ, ಕುದುರೆ ಬಂತು" ಎಂದು ಕೈಕೊಟ್ಟು ಎಬ್ಬಿಸುತ್ತಿದ್ದ. ಅವನು ಹೋದ ಮೇಲೂ ವಾರವಾರ ಅವಳು ಅಲ್ಲೇ ಕೂತು ಬರುತ್ತಿದ್ದಳು. ಹಾಡು ಹೋದರೆ ಆ ಮೆಟ್ಟಿಲೂ ಹೋದಂತೆ.

"ಸುಳ್ಳು ಯಾಕೆ ಹೇಳ್ಲಿ," ಎಂದಳು. "ನಾನದನ್ನ ಪೂರ್ತಿ ಕೇಳೇ ಇಲ್ಲ. ಕೇಳಿ ಹೇಳ್ತೀನಿ."

ಅಂದು ಮೆಟ್ಟಿಲಿಗೆ ಹೋಗದೆ, ಹೆಡ್‌ಫೋನು ಹಾಕಿಕೊಂಡು ಒಳಗೇ ಕೂತಳು. ಗಿಟಾರುಗಳು ಕೂಗಾಡಿದವು, ಜಗಳವಾಡಿದವು. ಹನ್ನೊಂದನೆಯ ನಿಮಿಷಕ್ಕೆ ಎಲ್ಲವೂ ಅಡಗಿ ಆರ್ಗನ್ ಒಂದೇ ಉಳಿಯಿತು, ಪ್ರಾರ್ಥನೆ ಮುಗಿದರೂ ಚರ್ಚಿನಿಂದೇಳಲು ಮನಸ್ಸಿಲ್ಲದವರಂತೆ. ಹೊರಗೆ ತಾವಿಬ್ಬರೂ ಮಾತು ನಿಲ್ಲಿಸಿ ಸುಮ್ಮನಾಗುತ್ತಿದ್ದದ್ದು ಈ ಹೊತ್ತಿಗೇ ಇರಬೇಕು. ಆ ಸುಮ್ಮನಿರುವಿಕೆ ಬರೀ ತಮ್ಮದೆಂದುಕೊಂಡಿದ್ದಳು. ಅದನ್ನು ಕೊಟ್ಟದ್ದು ಈ ಆರ್ಗನ್.

ಡ್ರಮ್ಮು ಬಂತು. ಅವಳ ಕೈ ತಾನಾಗಿ ಮುಂದೆ ಚಾಚಿತು. ಹಿಡಿಯುವವರಿಲ್ಲದೆ ಮೇಜಿನ ಅಂಚಿಗೆ ಬಂದು ಕೂತಿತು.

ಮೈಕು ಹಾಕಿದಳು. "ಕೇಳಿದೆ. ಉದ್ದ ಸಾಲ್ಲಿಲ್ಲ ನಂಗೆ."

ಡ್ಯಾರಿಲ್ ಮತ್ತೆ ಫೋನು ಮಾಡಿದ. "ಇರ್ಲಿ ಬಿಡು, ನನ್ನ ಮಾತು ವಾಪಸ್ಸು. ಆ ಹೊತ್ತಲ್ಲಿ ಕೋಳಿಗೂಡು ತೊಳ್ಕೋತೀನಿ."

ಅವಳು ರೆಕಾರ್ಡನ್ನು ಒರೆಸಿ ಕವರಿಗೆ ಸೇರಿಸಿದಳು. ಬರುವ ಭಾನುವಾರ ಬಹಳ ದೂರವಿದೆ ಅನ್ನಿಸಿತು.