ಸತ್ತವನ ಸೊಂಟದ ಅಳತೆ

ಟೈಲರಮ್ಮನ ಮನೆಗೆ ಇರುವುದು ಒಂದೇ ಕೋಣೆ. ಅತ್ತೆ ಕಾಲು ಚಾಚಿದರೆ ಹೊಲಿಗೆ ಮಿಷನ್ನು ತುಳಿಯುವಂತಿಲ್ಲ, ಮಿಷನ್ನು ತುಳಿದರೆ ಅತ್ತೆ ಕಾಲು ಚಾಚುವಂತಿಲ್ಲ. ಆ ಕೋಣೆಯ ತಗಡಿನ ಬಾಗಿಲಿಗೂ ಪುರಸಭೆಯವರು ನೋಟೀಸು ಅಂಟಿಸಿ ಹೋಗಿದ್ದರು. ಮನೆ ಕಂದಾಯ ಬಾಕಿಯಂತೆ, ಹದಿನೈದು ದಿನದಲ್ಲಿ ಕಟ್ಟದಿದ್ದರೆ ಬೀಗವಂತೆ.

ಎದುರಿಗೇ ಮಹಡಿ ಮನೆ. ಅಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು, ನೆಲ ನೋಡಿದರೆ ಮುಖ ಕಾಣುತ್ತದೆ. ಆ ಮನೆಯಕ್ಕನನ್ನು ಕಂಡರೆ ಟೈಲರಮ್ಮನಿಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು? ಅವಳ ಬಾಲ್ಕನಿ ಕಂಡರೆ ಉರಿ, ಅವಳ ಮಧ್ಯಾಹ್ನದ ನಿದ್ದೆ ನೆನೆದರೆ ಉರಿ. ಎಲ್ಲಕ್ಕಿಂತ ಹೆಚ್ಚಾಗಿ, "ರೀ, ಬೇಗ ಬನ್ನಿ" ಎಂದು ಅವಳು ಕೂಗಿದರೆ "ಬಂದೆ ಕಣೇ" ಎನ್ನಲು ಒಬ್ಬ ಗಂಡನಿದ್ದನಲ್ಲ, ಅದಕ್ಕೆ ಉರಿ. ಟೈಲರಮ್ಮನ ಗಂಡ ಮರಳಿನ ದೋಣಿ ಹತ್ತಿ ಹೋಗಿ ನಾಲ್ಕು ವರ್ಷವಾಗಿತ್ತು. ದೋಣಿ ಮುಳುಗಿತು, ಹೆಣ ಸಿಗಲಿಲ್ಲ.

ವಿಧವೆಯರ ಮನೆಗೆ ಕಂದಾಯ ಮಾಫಿ ಇದೆ ಎಂದು ಯಾರೋ ಹೇಳಿದರು. ಕಚೇರಿಗೆ ಓಡಿದಳು.

"ಗಂಡ ಸತ್ತಿದ್ದಕ್ಕೆ ಪತ್ರ ಎಲ್ಲಮ್ಮ?" ಎಂದ ಗುಮಾಸ್ತ.

"ಹೆಣಾನೇ ಸಿಗಲಿಲ್ಲ ಸ್ವಾಮಿ."

"ಹೆಣ ಇಲ್ದೆ ಪತ್ರ ಇಲ್ಲ, ಪತ್ರ ಇಲ್ದೆ ಮಾಫಿ ಇಲ್ಲ. ದಾಖಲೆ ಪ್ರಕಾರ ನಿನ್ನ ಗಂಡ ಬದುಕಿದಾನೆ."

"ನಿಮ್ಮ ಬಾಯಿಗೆ ಸಕ್ಕರೆ ಹಾಕ! ಹಾಗಾದ್ರೆ ಸ್ವಲ್ಪ ಮನೆಗೆ ಕಳಿಸಿಕೊಡಿ."

ಹೊರಡುವಾಗ ಗೋಡೆಯ ಮೇಲೆ ಮಾಫಿ ಸಿಕ್ಕವರ ಪಟ್ಟಿ ಕಂಡಿತು. ಬೆರಳಿಟ್ಟು ಓದಿದಳು. ಅವಳದೇ ಬೀದಿ, ಮಹಡಿ ಮನೆಯ ನಂಬರು. ಅದರ ಮುಂದೆ ಬರೆದಿತ್ತು: ವಿಧವೆ. ಮೂರು ವರ್ಷದಿಂದ ಪೂರ್ತಿ ಮಾಫಿ.

ಅಯ್ಯೋ ಶಿವನೇ! ಬಿಸಿನೀರೂ ಅವಳಿಗೆ, ಬಾಲ್ಕನಿಯೂ ಅವಳಿಗೆ, ಗಂಡನೂ ಅವಳಿಗೆ. ಕೊನೆಗೆ ಗಂಡ ಸತ್ತ ಲಾಭವೂ ಅವಳಿಗೇನಾ! ಮನೆ ತಲುಪುವವರೆಗೂ ಟೈಲರಮ್ಮನ ಹಲ್ಲು ಕಟಕಟ ಅನ್ನುತ್ತಿತ್ತು.

"ದೂರು ಗೀರು ಅಂತ ಹೋಗ್ಬೇಡ ಕಣೇ" ಎಂದಳು ಅತ್ತೆ. "ಹೊಲಿಯೋಕೆ ಬಟ್ಟೆ ಕೊಡೋರು ಅವರೇ. ಜನ ಹೊಟ್ಟೆಕಿಚ್ಚು ಅಂತಾರೆ."

"ಹೊಟ್ಟೆಕಿಚ್ಚೇ ಅತ್ತೆ. ಆದ್ರೆ ಸುಳ್ಳಲ್ವಲ್ಲ!"

ಮಗ ಸತ್ತ ಎಂದು ಈ ನಾಲ್ಕು ವರ್ಷದಲ್ಲಿ ಒಂದು ದಿನವೂ ಮುದುಕಿ ಬಾಯಿಬಿಟ್ಟು ಹೇಳಿರಲಿಲ್ಲ. ಮರುದಿನ ಬೆಳಗ್ಗೆ ಎದ್ದವಳೇ ಚಪ್ಪಲಿ ಮೆಟ್ಟಿ, ಸೊಸೆಯ ಜೊತೆ ಕಚೇರಿಗೆ ಹೊರಡಲು ಬಾಗಿಲಲ್ಲಿ ನಿಂತಿದ್ದಳು.

ಕಚೇರಿಯಲ್ಲಿ ಉದ್ದ ಸಾಲು. ಟೈಲರಮ್ಮನ ದೂರನ್ನು ಗುಮಾಸ್ತ ಎರಡು ಬೆರಳಲ್ಲಿ ಹಿಡಿದು ಓದಿದ.

"ಮಹಡಿ ಮನೆಯಮ್ಮನ ಗಂಡ ಸತ್ತಿದ್ದಕ್ಕೆ ಪತ್ರ ಇದೆಯಮ್ಮ. ಬದುಕಿದಾರೆ ಅನ್ನೋಕೆ ನಿನ್ಹತ್ರ ಏನಿದೆ?"

ಅವಳು ಚೀಲದಿಂದ ಅಳತೆ ಪುಸ್ತಕ ತೆಗೆದಳು. ಒಮ್ಮೆ ಅಂಗಿ ಬಿಗಿಯಾಯಿತೆಂದು ಮಹಡಿ ಮನೆಯವನು ಬೀದಿ ರಂಪ ಮಾಡಿದ್ದ. ಅಂದಿನಿಂದ ಅವನ ಅಳತೆಯ ಕೆಳಗೆ ಅವನ ಸಹಿಯನ್ನೇ ಹಾಕಿಸಿಕೊಳ್ಳುತ್ತಿದ್ದಳು.

"ನೋಡಿ ಸ್ವಾಮಿ. ಎರಡು ವರ್ಷದ ಹಿಂದೆ ಸೊಂಟ ಮೂವತ್ತೆಂಟು. ಹೋದ ತಿಂಗಳು ನಲವತ್ತೆರಡು. ತಾರೀಕಿದೆ, ಸಹಿ ಇದೆ. ಸತ್ತೋರಿಗೆ ಹೊಟ್ಟೆ ಬರುತ್ತಾ?"

ಸಾಲಿಗೆ ಸಾಲೇ ನಕ್ಕಿತು. ಗುಮಾಸ್ತ ಪುಸ್ತಕ ತಳ್ಳಿದ. "ಚಿಂದಿ ಪುಸ್ತಕ ತಂದು ಸಾಕ್ಷಿ ಅಂತೀಯಾ? ನಡಿ ಆಚೆ."

ಆಗ ಅತ್ತೆ ಮುಂದೆ ಬಂದಳು. "ನನ್ನ ಮಗ ಸತ್ತಿದಾನೆ" ಎಂದಳು. "ಹೆತ್ತೋಳು ಹೇಳ್ತಿದೀನಿ. ಬರ್ಕೊಳಪ್ಪ."

"ಬಾಯಿಮಾತು ನಡೆಯಲ್ಲಜ್ಜಿ."

ನಗು ನಿಂತುಹೋಯಿತು. ಸಾಲಿನಲ್ಲಿದ್ದ ಕ್ಷೌರದವನು, "ಟೈಲರಮ್ಮ, ಆ ಪಟ್ಟಿ ಗಟ್ಟಿಯಾಗಿ ಓದು" ಎಂದ. ಅವಳು ಗೋಡೆಯ ಹತ್ತಿರ ಹೋಗಿ ಓದಿದಳು. ಮಹಡಿ ಮನೆ, ವಿಧವೆ.

"ಸುಳ್ಳು! ನಿನ್ನೆ ತಾನೇ ಅವನಿಗೆ ಗಡ್ಡ ಕೆರೆದಿದೀನಿ!"

ಪಟ್ಟಿಯ ಮುಂದಿನ ಮನೆ, ವಿಧವೆ. "ಆ ಮನೆಯವನು ನಮ್ಮ ಮೇಸ್ತ್ರಿ ಕಣ್ರೀ! ಬೆಳಗ್ಗೆ ನನ್ನ ಬೈದು ಕಳಿಸಿದಾನೆ!" ಎಂದಳು ಇಟ್ಟಿಗೆ ಹೊರುವ ಹೆಂಗಸು. ಸಾಲು ಮುರಿದು ಜನ ಪಟ್ಟಿಗೆ ಮುತ್ತಿದರು.

ಪಟ್ಟಿ ಹರಿಯಲು ಗುಮಾಸ್ತ ಎದ್ದು ಬಂದ. ಅತ್ತೆ ಆಗಲೇ ಅದರ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕಾಲನ್ನು ಉದ್ದಕ್ಕೆ ಚಾಚಿದಳು.

"ದಾಟ್ಕೊಂಡು ಬಾ ನೋಡೋಣ" ಎಂದಳು.