ಅಂಬಮ್ಮನ ಹೆಬ್ಬೆಟ್ಟು

ತಂದ ಹಾರವನ್ನು ಅಂಬಮ್ಮನ ಪಾದದ ಬಳಿ ಇಟ್ಟು, ಮುಖದ ಕಡೆ ನೋಡದೆಯೇ ಗೌಸಿಯಾ ಹಿಂದೆ ಸರಿದಳು. ಹಾರ ಇಟ್ಟ ಕೂಡಲೇ ಮುಂದಿನ ಬಸ್ಸಿಗೆ ಕಲಬುರಗಿಗೆ ಹೊರಟುಬಿಡಬೇಕು ಎಂದು ಗಟ್ಟಿ ಮಾಡಿಕೊಂಡೇ ಕಮಲಾಪುರಕ್ಕೆ ಬಂದಿದ್ದಳು. ಕಲಬುರಗಿ ಮಾರ್ಕೆಟ್ಟಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತವರು. ಈಚೆ ಇವಳ ಭಜಿ ಬಂಡಿ, ಆಚೆ ಅವಳ ರೊಟ್ಟಿ ಒಲೆ. ಆದರೆ ಕಡೆಯ ಒಂಬತ್ತು ತಿಂಗಳು ಒಬ್ಬರಿಗೊಬ್ಬರು ಒಂದು ಮಾತಿಲ್ಲ. ಹಾಗಂತ ಸಾವಿಗೂ ಹೋಗದವಳು ಎಂಥ ಹೆಣ್ಣು ಎಂದು ಬೆಳಿಗ್ಗೆ ಸುದ್ದಿ ಕೇಳಿದಾಗಿನಿಂದ ಅವಳ ಮನಸ್ಸೇ ಅವಳಿಗೆ ಉಗಿದಿತ್ತು. ಬಂದಳು, ಬಂದರೂ ಸಿಟ್ಟನ್ನು ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ.

ಶಾಮಿಯಾನದ ತುದಿಗೆ ಮಾರ್ಕೆಟ್ಟಿನವರು ನಾಲ್ಕೈದು ಜನ ಬೇರೆಯಾಗಿ ಕೂತಿದ್ದರು. ಬಂಡಿ ಎತ್ತಿಸಬಾರದೆಂದು ಕೂತ ಧರಣಿಗೆ ಮುಂದಾಳಾಗಿದ್ದ ಜಹೀರುದ್ದೀನ್ ಕೂಡ ಇದ್ದ. ಸಾವಿನ ಮನೆಯಲ್ಲೂ ಅದೇ ಹಳೇ ಜಗಳ, ದನಿ ಮಾತ್ರ ತಗ್ಗಿತ್ತು. ಧರಣಿ ಕೂತದ್ದೇ ತಪ್ಪು, ಕೂಡದಿದ್ದರೆ ಅರ್ಧ ಬಂಡಿಗಳಾದರೂ ಉಳಿಯುತ್ತಿದ್ದವು ಎಂದು ಒಬ್ಬ. ಕೂತದ್ದು ಸರಿಯೇ ಇತ್ತು, ಒಳಗಿನವರೇ ಕೈಕೊಟ್ಟರು ಎಂದು ಇನ್ನೊಬ್ಬ. ಹಾಗೆ ಹೇಳಿದವನು ಹೆಣದ ಕಡೆ ನೋಡಿ ಬಾಯಿ ಮುಚ್ಚಿಕೊಂಡ.

ಹೆಣದ ತಲೆಯ ಬಳಿ ಆ ಊರಿನ ಮುದುಕಿಯೊಬ್ಬಳು ಹಾಡಿಕೊಂಡು ಅಳುತ್ತಿದ್ದಳು. ಸತ್ತವಳು ಪಟ್ಟ ಪಾಡನ್ನೆಲ್ಲ ಒಂದೊಂದಾಗಿ ಎತ್ತಿ ಹೇಳುವ ಅಳು ಅದು. ಗಂಡ ಹೋದದ್ದು, ಬೆಳಗಿನ ಬಸ್ಸಿಗೆ ಹಿಟ್ಟಿನ ಚೀಲ ಹೊತ್ತು ಓಡಿದ್ದು, ರೊಟ್ಟಿ ಬಡಿದು ಮಗಳನ್ನು ಓದಿಸಿದ್ದು, ಎಲ್ಲ ಬಂತು. ಗೌಸಿಯಾ ಚಪ್ಪಲಿ ಹುಡುಕುತ್ತಿದ್ದಳು.

“ರೊಟ್ಟಿ ಬಡದ ಬಡದ ಬಟ್ಟಿನ ಗೆರಿ ಸವದ್ವಲ್ಲ ನನ್ನವ್ವ,” ಎಂದಳು ಮುದುಕಿ, “ರೇಷನ್ ಮಷೀನಿಗೂ ನಿನ್ನ ಗುರ್ತ ಸಿಗಲಿಲ್ಲಲ್ಲ ನನ್ನವ್ವ.”

ಒಂದು ಕಾಲಿಗೆ ಚಪ್ಪಲಿ ಹಾಕಿದವಳು ಅಲ್ಲಿಯೇ ನಿಂತಳು. ತಿರುಗಿ ಒಳಗೆ ಬಂದು, ಮೂಲೆಯಲ್ಲಿ ಕೂತಿದ್ದ ಅಂಬಮ್ಮನ ಮಗಳು ಸಂಘಮಿತ್ರಾಳ ಪಕ್ಕ ಕುಕ್ಕರಿಸಿ, ಅದೇನು ಮಷೀನಿನ ಮಾತು ಎಂದು ಕೇಳಿದಳು.

“ನಿಮಗ ಗೊತ್ತಿಲ್ಲೇನು ಖಾಲಾ? ನಾಕು ವರ್ಷ ಆಯ್ತು, ಅವ್ವನ ಹೆಬ್ಬಟ್ಟು ಬರ್ತಿದ್ದಿಲ್ಲ. ಆಧಾರ್‌ಗೂ ಇಲ್ಲ, ರೇಷನ್‌ಗೂ ಇಲ್ಲ. ಸುಟ್ಟು ಸವದು ನುಣ್ಣಗಾಗಿತ್ತು. ನಮ್ಮೂರಿಗೆಲ್ಲ ಗೊತ್ತು.”

*

ಒಂಬತ್ತು ತಿಂಗಳ ಹಿಂದೆ, ಓಣಿಯ ತಿನಿಸಿನ ಬಂಡಿಗಳೆಲ್ಲ ಊರಾಚೆಯ ಬಯಲಿಗೆ ಹೋಗಬೇಕು ಎಂದು ನೋಟಿಸು ಬಂದಿತ್ತು. ಬಯಲಿನಲ್ಲಿ ರೊಟ್ಟಿ ತಿನ್ನಲು ಯಾರು ಬರುತ್ತಾರೆ, ಗಾಳಿಯೇ? ಜಹೀರುದ್ದೀನ್ ಧರಣಿ ಹೂಡಿದ. ಊರು ಎರಡು ಭಾಗವಾಯಿತು. ದಿನಾ ಊಟಕ್ಕೆ ಬರುತ್ತಿದ್ದ ಕಾಲೇಜಿನ ಹುಡುಗ ಹುಡುಗಿಯರು, ಹಮಾಲರು, ಒಬ್ಬಿಬ್ಬರು ವಕೀಲರು ಬಂದು ಜಮಖಾನೆಯ ಮೇಲೆ ಜೊತೆಗೆ ಕೂತರು. ಅಂಗಡಿಕಾರರು, ಕಾಲಿಡಲು ಜಾಗವಿಲ್ಲ, ಇವರಿಗೆ ಬೆಂಬಲ ಕೊಡುವವರು ತಮ್ಮ ಮನೆ ಮುಂದೆ ಬಂಡಿ ಹಚ್ಚಿಸಿಕೊಳ್ಳಲಿ ಎಂದು ಪೇಪರಿಗೆ ಬರೆದರು. ಫೋನಿನ ಗ್ರೂಪುಗಳಲ್ಲಂತೂ ಹಗಲೆಲ್ಲ ಅದೇ ಕಿತ್ತಾಟ.

ನಾಲ್ಕನೆಯ ದಿನ ಎಲ್ಲರ ಫೋನಿಗೂ ಒಂದು ಕಾಗದದ ಫೋಟೋ ಬಂತು. ನಾವು ನಮ್ಮ ಖುಷಿಯಿಂದಲೇ ಬಯಲಿಗೆ ಹೋಗಲು ಒಪ್ಪಿದ್ದೇವೆ ಎಂದು ಬರೆದು, ಕೆಳಗೆ ಹನ್ನೊಂದು ಹೆಬ್ಬೆಟ್ಟು. ಎರಡನೆಯದರ ಪಕ್ಕ ಅಂಬಮ್ಮನ ಹೆಸರು. ಯಾರು ಬರೆದದ್ದು, ಎಲ್ಲಿಂದ ಹೊರಟದ್ದು, ಇವತ್ತಿಗೂ ಯಾರಿಗೂ ತಿಳಿಯದು. ಅವರೇ ಒಪ್ಪಿದ ಮೇಲೆ ನಾವ್ಯಾಕೆ ಬಿಸಿಲಲ್ಲಿ ಕೂಡಬೇಕು ಎಂದು ಕಾಲೇಜಿನವರು ಎದ್ದರು. ಮಧ್ಯಾಹ್ನದ ಹೊತ್ತಿಗೆ ಜಮಖಾನೆ ಅರ್ಧ ಖಾಲಿ.

ಧರಣಿಯವರಿಗೆಂದು ರೊಟ್ಟಿ ಬಡಿಯುತ್ತಿದ್ದ ಅಂಬಮ್ಮನ ಮುಂದೆ ಗೌಸಿಯಾ ಫೋನು ಹಿಡಿದು ನಿಂತಳು. ಒತ್ತಿದೆಯೋ ಇಲ್ಲವೋ, ಎಲ್ಲರ ಮುಂದೆ ಹೇಳು ಎಂದಳು. ಅಂಬಮ್ಮ ಮೊದಲೇ ಮಾತು ಕಡಿಮೆಯ ಹೆಂಗಸು. ರಂಜಾನಿನಲ್ಲಿ ಇಫ್ತಾರಿಗೆಂದು ತನ್ನೂರಿನ ಕೆಂಪು ಬಾಳೆಹಣ್ಣು ತಂದರೂ, ತಗೋ ಎನ್ನದೆ ಬಂಡಿಯ ಮೇಲಿಟ್ಟು ಹೋಗುವವಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬಲಗೈಯ ಹೆಬ್ಬೆಟ್ಟನ್ನು ಎತ್ತಿ ಗೌಸಿಯಾಳ ಮುಖದ ಮುಂದೆ ಹಿಡಿದಳು.

“ನೋಡು,” ಎಂದಳು. ಅಷ್ಟೇ.

ಗೌಸಿಯಾಳ ಮನೆಮಾತಿನಲ್ಲಿ ಅಂಗೂಠಾ ತೋರಿಸುವುದು ಎಂದರೆ ಅಣಕಿಸುವುದು, ಏನು ಮಾಡ್ಕೋತೀಯೋ ಮಾಡ್ಕೋ ಹೋಗು ಎನ್ನುವುದು. ಅವಳ ಮೈ ಉರಿದುಹೋಯಿತು. ಆ ಕೈಯನ್ನು ರಪ್ಪನೆ ಹೊಡೆದು ಕೆಳಗಿಳಿಸಿ, ನಮ್ಮನ್ನು ಮಾರಿದ್ದಲ್ಲದೆ ಮೇಲೆ ಅಂಗೂಠಾ ತೋರಿಸುತ್ತಾಳೆ ನೋಡಿರಿ ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದಳು. ಅಂಬಮ್ಮ ಒಲೆಗೆ ನೀರು ಹಾಕಿ ಎದ್ದಳು. ಮತ್ತೆ ಆ ಓಣಿಗೆ ಬರಲಿಲ್ಲ. ಅದಾದ ಮೂರನೆಯ ದಿನ ಬಂಡಿಗಳನ್ನೂ ಎತ್ತಿಸಿದರು.

*

“ಮತ್ತ ಆಕಿ ಬಾಯಿಬಿಟ್ಟು ಯಾಕ ಹೇಳಲಿಲ್ಲ?” ಎಂದಳು ಗೌಸಿಯಾ.

“ನಾನೂ ಹಂಗೇ ಕೇಳ್ದೆ ಖಾಲಾ. ಗೌಸಿಯಾಗ ತೋರಿಸೀನಿ, ಆಕಿ ನೋಡ್ಯಾಳ, ನೋಡಿನೂ ಬೈದಳು ಅಂದ್ಳು. ಇನ್ನ ಯಾರಿಗಿ ತೋರಸ್ಲಿ ಅಂದ್ಳು.”

ಗೌಸಿಯಾ ಫೋನು ತೆಗೆದಳು. ಆ ಹಾಳು ಫೋಟೋ ಇನ್ನೂ ಇತ್ತು. ದೊಡ್ಡದು ಮಾಡಿ ನೋಡಿದಳು. ಅಂಬಮ್ಮನ ಹೆಸರಿನ ಪಕ್ಕದ ಹೆಬ್ಬೆಟ್ಟಿನಲ್ಲಿ ಗೆರೆಗಳು ಹರಗಿದ ಹೊಲದ ಸಾಲಿನಂತೆ ಒಂದೊಂದೂ ಎಣಿಸುವ ಹಾಗಿದ್ದವು. ಒಂಬತ್ತು ತಿಂಗಳಿನಿಂದ ತನ್ನ ಕೈಯಲ್ಲೇ ಇದ್ದದ್ದು, ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದು ಹೆಸರನ್ನು ಮಾತ್ರ.

ಸಂಘಮಿತ್ರಾ ಅಂಗನವಾಡಿ ಟೀಚರು. ತಾಯಂದಿರ ಹೆಬ್ಬೆಟ್ಟು ತೆಗೆದುಕೊಳ್ಳುವ ಶಾಯಿ ಪ್ಯಾಡು ಅವಳ ಚೀಲದಲ್ಲೇ ಇತ್ತು. ಒಂದೇ ಒಂದು ಸಲ ಹೆಬ್ಬೆಟ್ಟು ಒತ್ತಿಸೋಣ, ಮಾರ್ಕೆಟ್ಟಿನವರು ಇಲ್ಲೇ ಕೂತಿದ್ದಾರೆ, ತೋರಿಸಿಬಿಡೋಣ, ನಿಮ್ಮವ್ವನ ಮೇಲಿನ ಮಾತು ಇವತ್ತೇ ತೊಳೆದು ಹೋಗಲಿ ಎಂದು ಗೌಸಿಯಾ ಅವಳ ಗದ್ದ ಹಿಡಿದು ಬೇಡಿಕೊಂಡಳು. ಬೇಡ ಎನ್ನುವ ತ್ರಾಣ ಆ ಹುಡುಗಿಗೆ ಇರಲಿಲ್ಲ. ತಣ್ಣಗಾದ ಹೆಬ್ಬೆಟ್ಟನ್ನು ಗೌಸಿಯಾ ತಾನೇ ಪ್ಯಾಡಿಗೆ ಒತ್ತಿ, ಬಿಳಿ ಹಾಳೆಯ ಮೇಲೆ ಒತ್ತಿದಳು. ಒಂದು ಗೆರೆಯೂ ಇಲ್ಲದ ನೀಲಿ ಬೊಟ್ಟು ಬಿತ್ತು.

ಹಾಳೆ ಹಿಡಿದು ಜಹೀರುದ್ದೀನನ ಮುಂದೆ ನಿಂತಳು. ಅವನು ಹಾಳೆ ನೋಡಿದ, ಫೋನು ನೋಡಿದ, ಮತ್ತೆ ಹಾಳೆ ನೋಡಿದ. ಪಕ್ಕದವನು ಕತ್ತು ಚಾಚಿ, ಸತ್ತವರ ಬಟ್ಟು ಯಾರದಾದರೂ ಹೀಗೇ ಬೀಳುತ್ತದೆ, ಇದರಲ್ಲೇನು ದೊಡ್ಡದು ಎಂದ.

“ಖರೇನೇ ಇರಬೇಕು, ಗೌಸಿಯಾ,” ಎಂದ ಜಹೀರುದ್ದೀನ್. “ಆದ್ರ ಈಗ ಯಾರಿಗಿ ತೋರಸ್ತಿ? ನಮ್ಮ ಓಣ್ಯಾಗ ಈಗ ಕಾರು ನಿಲ್ಲಸ್ತಾರ. ಬಿಡು.”

ಅವನು ಹಾಳೆಯನ್ನು ವಾಪಸು ಕೊಡುವಾಗ ನಡುವೆ ಇನ್ನೊಂದು ಕೈ ಬಂತು. ಅಂಬಮ್ಮನ ಮೈದುನ ಹಣಮಂತರಾಯ. ಹಾಳೆಯ ಮೇಲಿನ ನೀಲಿ ಬೊಟ್ಟು ನೋಡಿದ, ಹೆಣದ ನೀಲಿ ಹೆಬ್ಬೆಟ್ಟು ನೋಡಿದ, ಆಮೇಲೆ ಸಂಘಮಿತ್ರಾಳನ್ನು ನೋಡಿದ.

“ಹೆಣದ ಹೆಬ್ಬಟ್ಟು ಒತ್ತಿಸ್ಕೊಂಡಿ ಏನವಾ? ಮನಿ ಬರಸ್ಕೊಳ್ಳಾಕ ಮಣ್ಣಾಗೋತನಕ ತಡಿಲಾಕ ಆಗಲಿಲ್ಲೇನು?”

ಅಳು ಗಕ್ಕನೆ ನಿಂತಿತು. ಗೌಸಿಯಾ ನಡುವೆ ಬಂದು ಫೋನು, ಫೋಟೋ, ಮಷೀನು, ಧರಣಿ ಎಂದು ಎಲ್ಲ ಕೂಡಿಸಿ ಹೇಳಿದಳು. ಕನ್ನಡ ಹೋಗಿ ಉರ್ದು ಬಂತು, ಉರ್ದು ಹೋಗಿ ಅಳು ಬಂತು. ಹಣಮಂತರಾಯ ಬಿಳಿ ಹಾಳೆಯನ್ನು ಹಿಂದುಮುಂದು ತಿರುಗಿಸಿದ. ಹೆಬ್ಬೆಟ್ಟಿನ ಮೇಲ್ಗಡೆ ಜಾಗ ಖಾಲಿ ಬಿಟ್ಟದ್ದು ಆಮೇಲೆ ಬರೆದುಕೊಳ್ಳಲಿಕ್ಕೇ ಎಂದು ಜನಕ್ಕೆ ತೋರಿಸಿ, ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡ. ಹಾಡಿ ಅಳುತ್ತಿದ್ದ ಮುದುಕಿಯೂ ಸಂಘಮಿತ್ರಾಳಿಂದ ಒಂದು ಮೊಳ ದೂರ ಸರಿದು ಕೂತಳು.

ಸಂಘಮಿತ್ರಾ ತಾಯಿಯ ಬಳಿಗೆ ಹೋಗಿ ಕೂತಳು. ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ತಾಯಿಯ ಹೆಬ್ಬೆಟ್ಟು ಉಜ್ಜತೊಡಗಿದಳು. ನಾಲ್ಕು ವರ್ಷ ಯಾವ ಮಷೀನಿಗೂ ಸಿಗದಿದ್ದ ಆ ಹೆಬ್ಬೆಟ್ಟು ಶಾಯಿಯನ್ನು ಬಿಡಲಿಲ್ಲ. ಹೊತ್ತಾಯಿತು ಏಳಿರಿ ಎಂದು ಗಂಡಸರು ಹೆಣ ಎತ್ತಿದರು.

ಗೌಸಿಯಾಳ ಮಂದಿಯಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಅಂಬಮ್ಮನ ಬೌದ್ಧ ಮಂದಿಯಲ್ಲಿ ಹೆಂಗಸರೂ ಹೋದರು, ಇವಳೂ ಹೋದಳು. ಬುದ್ಧವಂದನೆ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿದರು. ಇವಳ ಸರದಿ ಬಂದಾಗ ಬಗ್ಗಿ ನೋಡಿದಳು. ಬಿಳಿ ಸೀರೆ ಆಗಲೇ ಅರ್ಧ ಮುಚ್ಚಿಹೋಗಿತ್ತು. ಎದೆಯ ಮೇಲೆ ಜೋಡಿಸಿ ಕಟ್ಟಿದ ಕೈಗಳಲ್ಲಿ ನೀಲಿ ಹೆಬ್ಬೆಟ್ಟೊಂದು ಮೇಲಕ್ಕೆ, ಇವಳ ಮುಖದ ಕಡೆಗೇ ನಿಂತಿತ್ತು.

“ಕಂಡ್ಯಾ, ಒತ್ತಿಸ್ಕೊಂಡೇ ಕಳಿಸ್ಯಾರ,” ಎಂದು ಹಿಂದೆ ಯಾರೋ ಹೆಂಗಸು ಪಕ್ಕದವಳಿಗೆ ಹೇಳಿದಳು.

ಗೌಸಿಯಾ ಮುಷ್ಟಿ ಬಿಚ್ಚಿ ಮಣ್ಣನ್ನು ಅದರ ಮೇಲೆಯೇ ಹಾಕಿದಳು. ಪೂರ್ತಿ ಮುಚ್ಚಲಿಲ್ಲ. ಇನ್ನೊಂದು ಹಿಡಿ ತೆಗೆದುಕೊಂಡಳು.