ಎಡಮೂಲೆ ಕೇಳಿದ ಮಾತು

ನಾನು ಕಬಡ್ಡಿ ಮ್ಯಾಟಿನ ಒಂದು ತುಂಡು. ಚೌಕಾಕಾರ, ಹೆಬ್ಬೆರಳಿನಷ್ಟು ದಪ್ಪ, ಒಂದು ಮೈ ನೀಲಿ, ಇನ್ನೊಂದು ಮೈ ಹಳದಿ. ನನ್ನ ಅಂಚಿಗೆಲ್ಲ ಹಲ್ಲುಗಳಿವೆ. ಯಾರನ್ನೂ ಕಚ್ಚಲಿಕ್ಕಲ್ಲ, ಪಕ್ಕದ ತುಂಡಿನ ಜೊತೆ ಕೂಡಿಕೊಳ್ಳಲಿಕ್ಕೆ. ನನ್ನಂಥವರು ಬಹಳಷ್ಟು ಮಂದಿ ಸೇರಿದರೆ ಅದೊಂದು ಅಂಕಣ. ಒಬ್ಬಂಟಿಯಾಗಿ ಬಿದ್ದರೆ ಬಾಗಿಲಲ್ಲಿ ಕಾಲೊರೆಸಲಿಕ್ಕೂ ಲಾಯಕ್ಕಿಲ್ಲ, ನೀರನ್ನೇ ಹೀರುವುದಿಲ್ಲ.

ಹುಟ್ಟಿದ್ದು ದೂರದ ಊರಿನ ಒಂದು ಕಾರ್ಖಾನೆಯಲ್ಲಿ. ಬಿಸಿ ಅಚ್ಚಿನಿಂದ ಹೊರಗೆ ಬಿದ್ದಾಗ ಮೈಯೆಲ್ಲ ರಬ್ಬರಿನ ವಾಸನೆ. ಅಲ್ಲಿಂದ ಲಾರಿಯಲ್ಲಿ ಹುಬ್ಬಳ್ಳಿಯ ಗೋದಾಮಿಗೆ ಬಂದೆ. ಅಲ್ಲೊಂದು ಇಲಿ ನನ್ನ ಒಂದು ಹಲ್ಲನ್ನು ಕಡಿದುಹಾಕಿತು. ತಿಂದಿದ್ದರೆ ಬೇಜಾರಿರಲಿಲ್ಲ, ರುಚಿ ನೋಡಿ ಉಗುಳಿ ಹೋಯಿತು. ಮುಂದೆ ಮಲಪ್ರಭಾ ವಾರಿಯರ್ಸ್ ಎಂಬ ತಂಡದವರು ನಮ್ಮನ್ನೆಲ್ಲ ಕೊಂಡು ತಂದು ತಮ್ಮ ಅಭ್ಯಾಸದ ಸಭಾಂಗಣದಲ್ಲಿ ಹಾಸಿದರು. ಹಲ್ಲು ಮುರಿದವನನ್ನು ನಡುವೆ ಹಾಕಿದರೆ ಚೆಂದ ಕಾಣುವುದಿಲ್ಲವೆಂದು ನನ್ನನ್ನು ಎಡಮೂಲೆಗೆ ತಳ್ಳಿದರು. ನನ್ನ ಬದುಕಿನ ಒಳ್ಳೆಯದು, ಕೆಟ್ಟದು ಎಲ್ಲವೂ ಆ ಮೂಲೆಯಲ್ಲೇ ನಡೆದವು.

ಮನುಷ್ಯರನ್ನು ನಾನು ಪಾದದಿಂದ ಗುರುತಿಸುತ್ತೇನೆ. ಎಡಮೂಲೆಯಲ್ಲಿ ನಿಲ್ಲುತ್ತಿದ್ದವನು ಜುಜೆ ಸಿದ್ದಿ. ಹಳಿಯಾಳದ ಕಡೆಯ ಕಾಡಂಚಿನ ಊರಿನವನು. ಅವನ ಹಿರಿಯರ ಹಿರಿಯರನ್ನು ಎಂದೋ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರನ್ನಾಗಿ ತಂದಿದ್ದರಂತೆ. ಗುಂಗುರು ಕೂದಲು, ಕಪ್ಪು ಮೈ ಅವರಿಂದ ಬಂದದ್ದು. ಮಾತು ಮಾತ್ರ ಅಪ್ಪಟ ಹಳಿಯಾಳದ್ದು. ಆಟ ನೋಡಲು ಬಂದವರು ಅವನನ್ನು ಕಂಡು ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳುತ್ತಿದ್ದರು. ಅವನು ನಗುತ್ತ, "ಹಳಿಯಾಳ ತಾಲೂಕ್ರಿ" ಅನ್ನುತ್ತಿದ್ದ. ಅಂಕಣಕ್ಕಿಳಿಯುವ ಮೊದಲು ಬಗ್ಗಿ ನನ್ನನ್ನು ಮುಟ್ಟಿ, ಆ ಬೆರಳನ್ನು ಹಣೆಗೂ ಎದೆಗೂ ಒತ್ತಿಕೊಳ್ಳುತ್ತಿದ್ದ. ಉಳಿದವರು ನಡುಗೆರೆಯ ಬಳಿ ಮುಟ್ಟುತ್ತಿದ್ದರು, ಇವನು ಹಲ್ಲು ಮುರಿದ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದ. ನನಗೆ ಅವನೆಂದರೆ ಪ್ರಾಣ. ಮುಚ್ಚಿಡುವುದೇಕೆ?

ಅವನ ಪಕ್ಕದಲ್ಲಿ ನಿಲ್ಲುತ್ತಿದ್ದವನು ಬೈಲಹೊಂಗಲದ ಮಡಿವಾಳಪ್ಪ. ಎದುರಾಳಿ ಕಬಡ್ಡಿ ಕಬಡ್ಡಿ ಎಂದು ಉಸಿರು ಹಿಡಿದು ಒಳಗೆ ಬಂದಾಗ ಮೂಲೆಯವನೂ ಪಕ್ಕದವನೂ ಕೈ ಕೈ ಹಿಡಿದು ಕಾಯುತ್ತಾರೆ. ಬಾಯಿ ಬಿಟ್ಟರೆ ಬಂದವನಿಗೆ ಗುಟ್ಟು ತಿಳಿದುಬಿಡುತ್ತದೆ. ಅದಕ್ಕೆ ಅಂಗೈಯೇ ಅವರ ಬಾಯಿ. ಒಬ್ಬನು ಇನ್ನೊಬ್ಬನ ಅಂಗೈ ಹಿಂಡಿದರೆ, ಈಗ ನುಗ್ಗು, ನಿನ್ನ ಬೆನ್ನಿಗೆ ನಾನಿದ್ದೇನೆ ಎಂದರ್ಥ. ಹಿಂಡಿಸಿಕೊಂಡವನು ಯೋಚಿಸುವಂತಿಲ್ಲ, ನುಗ್ಗಬೇಕು. ಮಡಿವಾಳಪ್ಪ ಹಿಂಡುವುದೇ ತಡ, ಜುಜೆ ಎದುರಾಳಿಯ ಕಾಲಿಗೆ ಬಿದ್ದಿರುತ್ತಿದ್ದ. ಅವರಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಆಟ ಮುಗಿದ ಮೇಲೆ ನನ್ನ ಮೇಲೆ ಕಾಲು ಚಾಚಿ ಕೂತು ಮದುವೆ, ಮನೆ, ಮೊಣಕಾಲು ನೋವು ಎಂದು ಏನೇನೋ ಹರಟುತ್ತಿದ್ದರು. ಕೇಳಿಸಿಕೊಳ್ಳುವುದು ನನಗೂ ಖುಷಿಯ ಕೆಲಸವಾಗಿತ್ತು.

ತಂಡದ ನಾಯಕ ಉಲ್ಲಾಸ. ಮೈಸೂರು ಕಡೆಯ ಹುಡುಗ, ಊರ ತುಂಬ ಅವನದೇ ಪೋಸ್ಟರು. ನಿಜ ಹೇಳಬೇಕೆಂದರೆ ಅವನಂಥ ಆಟಗಾರ ನನ್ನ ಮೈ ತುಳಿದದ್ದು ಕಡಿಮೆ. ಮಡಿವಾಳಪ್ಪನನ್ನು ತಂಡಕ್ಕೆ ಸೇರಿಸಿದವನೂ ಅವನೇ. ಸೋತರೆ ಮಾತ್ರ ಅವನ ತಲೆ ನಿಲ್ಲುತ್ತಿರಲಿಲ್ಲ.

ಆ ಬೆಳಿಗ್ಗೆ ತಂಡದವರೇ ಎರಡು ಗುಂಪಾಗಿ ಆಡುತ್ತಿದ್ದರು. ಉಲ್ಲಾಸ ಆಚೆಯ ಗುಂಪು, ಜುಜೆ ಮತ್ತು ಮಡಿವಾಳಪ್ಪ ಈಚೆ. ಉಲ್ಲಾಸ ಒಳಗೆ ಬಂದಾಗಲೆಲ್ಲ ಜುಜೆಯ ಕೈಗೆ ಸಿಕ್ಕಿಬಿದ್ದ. ಹೊರಗೆ ಕೂತವರು ಸಿಳ್ಳೆ ಹೊಡೆದು, "ಕ್ಯಾಪ್ಟನ್ನರಿಗೆ ಇವತ್ತ ರಜಾ!" ಎಂದು ಕಾಲೆಳೆದರು. ಅವನು ಹಲ್ಲು ಕಚ್ಚಿಕೊಂಡು ಮತ್ತೆ ಬಂದ. ಮಡಿವಾಳಪ್ಪ ಅಂಗೈ ಹಿಂಡಿದ. ಜುಜೆ ನುಗ್ಗಿ ಹಿಮ್ಮಡಿ ಹಿಡಿದ. ಉಲ್ಲಾಸ ಮುಖ ಅಡಿಯಾಗಿ ನನ್ನ ಮೇಲೇ ಬಿದ್ದ. ಅವನ ಬಾಯಿ ನನಗೆ ತಾಗುವಷ್ಟು ಹತ್ತಿರದಲ್ಲಿತ್ತು.

"ಬಿಡೋ ಕರಿ ಮಂಗ! ಆಫ್ರಿಕಾಗೆ ಹೋಗಿ ಮರ ಹತ್ತೋಗು!" ಎಂದು ಕಿರುಚಿದ.

ಒಬ್ಬ ಕಿಸಕ್ಕನೆ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡ. ಇನ್ನೊಬ್ಬ ಬಿಗಿಯಾಗಿಯೇ ಇದ್ದ ಬೂಟಿನ ದಾರ ಬಿಚ್ಚಿ ಕಟ್ಟತೊಡಗಿದ. ತರಬೇತುದಾರ ಫಕ್ಕೀರೇಶ ಸರ್ ಸೀಟಿ ಊದಿ, "ಹಾಂ, ಸಾಕ್ರಪಾ, ನೀರ ಕುಡೀರಿ" ಅಂದರು. ಎಲ್ಲರಿಗೂ ಒಮ್ಮೆಲೇ ಬಾಯಾರಿಕೆಯಾಯಿತು. ಜುಜೆ ಮಾತ್ರ ಮೊಣಕಾಲೂರಿ ನನ್ನ ಮೇಲೆ ಹಾಗೇ ಕೂತಿದ್ದ. ಅವನ ಬೆವರು ನನ್ನ ಮೇಲೆ ತೊಟ್ಟಿಕ್ಕುತ್ತಿತ್ತು. ಬೆವರಷ್ಟೇ ಆಗಿರಲಿಲ್ಲ.

ಆಮೇಲೆ ಒಬ್ಬೊಬ್ಬರೇ ಬಂದು ಅವನ ಪಕ್ಕ ಕೂತರು. "ನಂಗೂ ಬ್ಯಾಸರಾತು ನೋಡು, ಆದ್ರ ಅಂವ ಮನಸಿನಾಗ ಕೆಟ್ಟಾಂವಲ್ಲ" ಎಂದ ಒಬ್ಬ. "ನಂಗ ಹಂದಿ ಅಂತಾನ, ನಾ ಮನಸಿಗೆ ಹಚ್ಕೋತೇನೇನು? ಬಿಟ್ಟಬಿಡಪಾ" ಎಂದ ಇನ್ನೊಬ್ಬ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಅಂವಗ ಭಾಳ ಸೊಕ್ಕು ಬಂದೈತಿ" ಎಂದವನೂ ಇದ್ದ. ಫಕ್ಕೀರೇಶ ಸರ್ ಬಂದು ಹೆಗಲ ಮೇಲೆ ಕೈಯಿಟ್ಟರು. "ಆಟದ ಬಿಸಿಯೊಳಗ ಬಾಯಿ ಜಾರ್ತದ. ಲೀಗು ಹತ್ರ ಬಂತು. ಮನಿ ಮಾತು ಮನ್ಯಾಗ ಇರಲಿ ಜುಜೆ."

"ನಮ್ಮೂರಾಗ ಹುಡುಗರು ನನ್ನ ನೋಡಿ ಕಬಡ್ಡಿ ಆಡಾಕ ಹತ್ಯಾರ್ರಿ ಸರ್" ಎಂದ ಜುಜೆ. "ಅವ್ರಿಗೆ ಏನ್ ಹೇಳ್ಲಿ? ಎಷ್ಟರ ಛಲೋ ಆಡ್ರಿ, ಕಡೀಕ ನಿಮ್ಮನ್ನ ಮಂಗ್ಯಾ ಅಂತಾರ, ಸುಮ್ನಿರ್ರಿ ಅಂತ ಹೇಳ್ಲೇನು?"

ಸರ್ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಆಚೆ ನಡೆದರು. ಜುಜೆ ನೇರ ತಂಡದ ಮ್ಯಾನೇಜರ ಬಳಿ ಹೋಗಿ ದೂರು ಕೊಟ್ಟ. ಮ್ಯಾನೇಜರು ಹೇಳಿದ್ದು ಇಷ್ಟೇ: ತಂಡದ ಒಬ್ಬನಾದರೂ ಕೇಳಿದ್ದೇನೆ ಎಂದರೆ ಉಲ್ಲಾಸ ಈ ಲೀಗಿನಿಂದ ಹೊರಗೆ. ಯಾರೂ ಕೇಳಿಲ್ಲವೆಂದರೆ ನಾಯಕನ ಮೇಲೆ ಸುಳ್ಳು ಹೊರಿಸಿದ ಜುಜೆಯೇ ಹೊರಗೆ.

ಸಂಜೆ ಮಡಿವಾಳಪ್ಪ ನನ್ನ ಮೇಲೆ ಕೂತು ಗೆಳೆಯನಿಗೆ ಮಾತು ಕೊಟ್ಟ. "ನಾ ಹೇಳ್ತೇನಿ. ನನ್ನ ಕಿವೀಲೆ ಕೇಳೇನಿ, ಯಾಕ ಹೇಳಬಾರ್ದು? ನೀ ಆರಾಮಿರು." ಜುಜೆ ಆ ದಿನ ಮೊದಲ ಬಾರಿ ನಕ್ಕ. ಅವನು ಸ್ನಾನಕ್ಕೆ ಹೋದ ಮೇಲೆ ಉಲ್ಲಾಸ ಬಂದ. ಕೂರಲಿಲ್ಲ. ಬೂಟಿನ ತುದಿಯಿಂದ ನನ್ನ ಮುರಿದ ಹಲ್ಲನ್ನು ಕೆದಕುತ್ತ ನಿಂತ.

"ಮಡಿ, ನಿನ್ನನ್ನ ಈ ಟೀಮಿಗೆ ತಂದಿದ್ದು ಯಾರು?"

"ನೀವಣ್ಣಾ."

"ಅಷ್ಟು ಜ್ಞಾಪಕ ಇದ್ರೆ ಸಾಕು ಬಿಡು." ಬೆನ್ನು ತಟ್ಟಿ ಹೋದ. ಗದರಲಿಲ್ಲ, ಬೆದರಿಸಲಿಲ್ಲ. ದೀಪ ಹಾಕುವ ಹೊತ್ತಾದರೂ ಮಡಿವಾಳಪ್ಪ ಕೂತೇ ಇದ್ದ.

ಮರುದಿನ ಮ್ಯಾನೇಜರು ಎಲ್ಲರನ್ನೂ ಅಂಕಣದ ಮೇಲೇ ನಿಲ್ಲಿಸಿದರು. ರೂಢಿ ನೋಡಿ, ನಿಲ್ಲಿ ಎಂದ ಕೂಡಲೇ ಎಲ್ಲರೂ ಆಟಕ್ಕೆ ನಿಲ್ಲುವ ತಮ್ಮ ತಮ್ಮ ಜಾಗದಲ್ಲೇ ನಿಂತರು. ಎಡಮೂಲೆಯಲ್ಲಿ ಜುಜೆ, ಪಕ್ಕದಲ್ಲಿ ಮಡಿವಾಳಪ್ಪ. ಯಾರೂ ಹೇಳದೆಯೇ ಅವರಿಬ್ಬರ ಕೈಗಳು ಕೂಡಿಕೊಂಡವು. ಬೂಟು ಬಿಚ್ಚಿದ ಬರಿಗಾಲು, ನನ್ನ ಅಂಚಿನ ಮೇಲಿದ್ದ ಮಡಿವಾಳಪ್ಪನ ಪಾದ ತಣ್ಣಗೆ ಕೊರೆಯುತ್ತಿತ್ತು.

ಮ್ಯಾನೇಜರು ಬಲಮೂಲೆಯಿಂದ ಕೇಳುತ್ತ ಬಂದರು. "ನಾ ನೀರ ಕುಡ್ಯಾಕ ಹೋಗಿದ್ದೆರಿ." "ಗದ್ದಲ ಭಾಳಿತ್ರಿ." "ನಾ ಆ ಕಡೆ ಮಾರಿ ಮಾಡಿ ನಿಂತಿದ್ದೆರಿ." ಒಬ್ಬೊಬ್ಬರಾಗಿ ಬಂದಾಗ ಎಲ್ಲರಿಗೂ ಕೇಳಿಸಿತ್ತು. ಒಟ್ಟಿಗೆ ನಿಂತಾಗ ಯಾರಿಗೂ ಕೇಳಿಸಿರಲಿಲ್ಲ. ಕಡೆಗೆ ಮಡಿವಾಳಪ್ಪನ ಸರದಿ ಬಂತು. ಅವನು ಬಾಯಿ ತೆರೆದು ಮುಚ್ಚಿದ. ಆಗ ಜುಜೆ ಅವನ ಅಂಗೈ ಹಿಂಡಿದ.

ಕೆಳಗಿನಿಂದ ನಾನು ಕಣ್ಣಾರೆ ಕಂಡೆ. ಬೆರಳ ಗಿಣ್ಣುಗಳು ಎದ್ದು ಕಾಣುವ ಹಾಗೆ ಹಿಂಡಿದ. ಮಡಿವಾಳಪ್ಪನ ಕಾಲಿನ ಹೆಬ್ಬೆರಳು ನನ್ನ ಮೈಯನ್ನು ಗಟ್ಟಿಯಾಗಿ ಒತ್ತಿತು. ಆಮೇಲೆ ಅವನ ಕೈ ಸಡಿಲವಾಯಿತು.

"ನಂಗ ಏನೂ ಕೇಳಿಸ್ಲಿಲ್ರಿ ಸರ್."

ನನಗೆ ಕೇಳಿಸಿತ್ತು! ಎಲ್ಲರಿಗಿಂತ ಹತ್ತಿರದಿಂದ ಕೇಳಿಸಿತ್ತು. ಉಸಿರಿನ ಬಿಸಿ ಸಮೇತ ಹೇಳಬಲ್ಲೆ. ನನ್ನನ್ನೂ ಒಮ್ಮೆ ಕೇಳಿ ಎಂದು ಒಳಗೊಳಗೇ ಒದ್ದಾಡಿದೆ. ತುಳಿಯುವ ವಸ್ತುವನ್ನು ಯಾರು ಸಾಕ್ಷಿ ಕೇಳುತ್ತಾರೆ? ಕೇಳಿದ್ದರೂ ಹೇಳಲು ನನಗೆಲ್ಲಿದೆ ಬಾಯಿ? ನಾನು ಅಷ್ಟು ಅಸಹಾಯಕ ಎಂದು ಮತ್ತೆಂದೂ ಅನಿಸಿಲ್ಲ.

ಜುಜೆ ಜಗಳ ಮಾಡಲಿಲ್ಲ. ಕೈ ಬಿಡಿಸಿಕೊಂಡ. "ನೀ ಹಿಂಡಿದಾಗೆಲ್ಲಾ ನಾ ಹೋಗೇನಿ, ಮಡಿ" ಎಂದ, ಇಷ್ಟೇ. ಬಗ್ಗಿ ನನ್ನನ್ನು ಮುಟ್ಟಿ ಹಣೆಗೂ ಎದೆಗೂ ಒತ್ತಿಕೊಂಡು ಚೀಲ ಹೆಗಲಿಗೇರಿಸಿ ನಡೆದ. ಆ ಪಾದ ಮತ್ತೆ ನನ್ನ ಮೇಲೆ ಬೀಳಲಿಲ್ಲ.

ಲೀಗು ಶುರುವಾಗುವ ಮುನ್ನ ಫೋಟೊದವರು ಬಂದರು. ವರ್ಣಭೇದ ಬೇಡ, ನಾವೆಲ್ಲ ಒಂದೇ ಎಂಬ ಬ್ಯಾನರು ಹಿಡಿದು ತಂಡದವರೆಲ್ಲ ನಮ್ಮ ಮೇಲೆ ನಿಂತು ಹಲ್ಲು ಕಿರಿದರು. ನಡುವೆ ಉಲ್ಲಾಸ. ಎಡಮೂಲೆಗೆ ಹೊಸಬನೊಬ್ಬ ಬಂದಿದ್ದ, ಗಟ್ಟಿ ಹುಡುಗ. ಆದರೆ ಮಡಿವಾಳಪ್ಪ ಅವನ ಕೈ ಹಿಂಡುತ್ತಿರಲಿಲ್ಲ. "ಹೋಗಲೇ!" ಎಂದು ಬಾಯಿಂದಲೇ ಕೂಗುತ್ತಿದ್ದ, ಅಷ್ಟರಲ್ಲಿ ಒಳಗೆ ಬಂದವನು ಹುಷಾರಾಗಿ ಜಾರಿಕೊಳ್ಳುತ್ತಿದ್ದ. "ಕೈಗೇನ್ ಲಕ್ವಾ ಹೊಡದೈತೇನು?" ಎಂದು ಫಕ್ಕೀರೇಶ ಸರ್ ಬೈದು ಸಾಕಾದರು. ಮುಂದಿನ ಲೀಗಿಗೆ ಮಡಿವಾಳಪ್ಪನನ್ನು ಯಾರೂ ಕರೆಯಲಿಲ್ಲ. ಉಲ್ಲಾಸನಿಗೂ ಅವನ ಜ್ಞಾಪಕ ಬರಲಿಲ್ಲ.

ವರ್ಷಗಳು ಕಳೆದು ನಾವು ಸವೆದೆವು. ಉಳಿದವರನ್ನೆಲ್ಲ ಗುಜರಿಯವನು ಹೊತ್ತುಕೊಂಡು ಹೋದ. ನನ್ನನ್ನು ಮಾತ್ರ ಬೈಲಹೊಂಗಲದಿಂದ ಬಂದ ಮಡಿವಾಳಪ್ಪ ಕೇಳಿ ಪಡೆದ. ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮನೆಗೆ ತಂದ. ಈಗ ಅವನ ಪಡಸಾಲೆಯ ಮೂಲೆಯಲ್ಲಿದ್ದೇನೆ. ಬೆಳಿಗ್ಗೆ ನನ್ನ ಮೇಲೆ ಕಾಲು ಚಾಚಿ ಮೊಣಕಾಲಿನ ವ್ಯಾಯಾಮ ಮಾಡುತ್ತಾನೆ. ಒಮ್ಮೊಮ್ಮೆ ಫೋನಿನಲ್ಲಿ ಒಂದು ಹೆಸರು ತೆಗೆದು ನೋಡಿ, ಒತ್ತದೆ ಬದಿಗಿಡುತ್ತಾನೆ. ಅವನ ಮೇಲೆ ನನಗೆ ಸಿಟ್ಟಿದೆ, ಅವನನ್ನು ನೋಡಿದರೆ ಅಯ್ಯೋ ಅನಿಸುವುದೂ ನಿಜ.

ಮೊನ್ನೆ ಕಾಲೇಜು ತಂಡದಲ್ಲಿ ಆಡುವ ಅವನ ಮಗಳು ಗೌರವ್ವ ಕೈ ಹಿಡಿದು ನಿಲ್ಲುವುದನ್ನು ಹೇಳಿಕೊಡು ಎಂದು ಗಂಟುಬಿದ್ದಳು. ತಾನು ಪಕ್ಕದಲ್ಲಿ ನಿಂತು ಅಪ್ಪನನ್ನು ನನ್ನ ಮೇಲೆ, ಎಡಮೂಲೆಯವನನ್ನಾಗಿ ನಿಲ್ಲಿಸಿದಳು. "ನಾ ಹಿಂಡಿದ್ರ ನೀ ಏನ್ ಮಾಡ್ಬೇಕಪ್ಪಾ?"

"ಹೋಗಬೇಕವ್ವಾ."

"ಯೋಚನಿ ಮಾಡಂಗಿಲ್ಲಾ?"

"ಮಾಡಂಗಿಲ್ಲ."

ಅವಳು ಅಂಗೈ ಹಿಂಡಿದಳು. ಅವನು ಕದಲಲಿಲ್ಲ. ಆಟವಾಡುತ್ತಿದ್ದಾನೆ ಎಂದುಕೊಂಡು ನಗುತ್ತ ಮತ್ತೊಮ್ಮೆ ಹಿಂಡಿದಳು. ಅವನ ಕಾಲಿನ ಹೆಬ್ಬೆರಳು ನನ್ನ ಮೈಯನ್ನು ಅಂದಿನ ಹಾಗೇ ಒತ್ತಿತು.

"ಅಪ್ಪಾ, ಮತ್ತ ನೀ ಯಾಕ ನಿಂತಿ?"

ಏನು ಹೇಳುತ್ತಾನೋ ಎಂದು ನಾನೂ ಕಾದೆ. ಇಷ್ಟು ವರ್ಷ ನನಗೆ ಬಾಯಿಲ್ಲವಲ್ಲ ಎಂದು ಕೊರಗಿದವನು ನಾನು. ಬಾಯಿ ಇದ್ದವನು ನನ್ನ ಮೇಲೆ ನಿಂತು ನೆಲ ನೋಡುತ್ತಿದ್ದ.